ಹಲವು ಬಗೆಯ ದೂರವಾಣಿಗಳೂ ಒಂದು ರೂಟರೂ

ಕಂಬದಿಂದ ಕಂಬಕ್ಕೆ ತೂಗಿಕೊಂಡು ಬಂದು ನಮ್ಮ ಮನೆಗಳ ಗೋಡೆಯನ್ನು ಹೊಗುತ್ತಿದ್ದ ಜೋಡಿ ತಾಮ್ರದ ತಂತಿಯ ಕಾಲವು ಮುಗಿಯುತ್ತ ಬಂದಿದೆ. ಅದರ ಸ್ಥಳದಲ್ಲಿ ಕೂದಲೆಳೆಯಷ್ಟು ಸಣ್ಣದಾದ ಗಾಜಿನ ಎಳೆಯೊಂದು ಮನೆಯನ್ನೂ ಅಂಗಡಿಯನ್ನೂ ಪ್ರವೇಶಿಸುತ್ತಿದೆ. ಬಿ.ಎಸ್.ಎನ್.ಎಲ್., ಏರ್‌ಟೆಲ್, ಜಿಯೋ ಮೊದಲಾದ ಸಂಸ್ಥೆಗಳು ಈ ಎಳೆಯ ಮೂಲಕ ಅಂತರ್ಜಾಲವನ್ನು ಕೊಡುವುದಲ್ಲದೆ ದೂರವಾಣಿಯನ್ನೂ ಕೊಡುತ್ತಿವೆ. ಗೋಡೆಗೆ ಒಂದು ಬಿಳಿಯ ಪೆಟ್ಟಿಗೆಯನ್ನು ತಗುಲಿಸಿ, ನಾಲ್ಕು ಹಸುರು ದೀಪಗಳು ಹತ್ತಿದುದನ್ನು ತೋರಿಸಿ, "ಎಲ್ಲಾ ಸರಿಯಾಯಿತು, ಸ್ವಾಮಿ" ಎಂದು ಹೇಳಿ ಕಂಪೆನಿಯ ಹುಡುಗನು ಹೊರಟುಹೋಗುತ್ತಾನೆ. ಅವನು ಹೋದಮೇಲೆಯೇ ಗೃಹಸ್ಥನ ತೊಡಕು ಮೊದಲಾಗುವುದು.

ಕೆಳಗೆ ಅಂಗಡಿ, ಮೇಲೆ ಮನೆ ಎಂಬಂತಿರುವ ಸಂಸಾರಗಳು ನಮ್ಮ ಪೇಟೆಗಳಲ್ಲಿ ಎಷ್ಟೋ ಇವೆ. ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ತಂದೆಯ ಕಾಲದ ಟೆಲಿಫೋನು. ಅಡುಗೆಮನೆಯ ಹತ್ತಿರ ತಂತಿಯಿಲ್ಲದ ಕಾರ್ಡ್‌ಲೆಸ್. ಗೋದಾಮಿಗೂ ಅಂಗಡಿಗೂ ನಡುವೆ ಇಂಟರ್‌ಕಾಂ. ಇವೆಲ್ಲ ಸಾಲದೆ ಮಗನು ಪೇಟೆಯಿಂದ ತಂದ, ಪರದೆಯುಳ್ಳ ಹೊಸ ಐ.ಪಿ. ಟೆಲಿಫೋನು. ಇವನ್ನೆಲ್ಲ ಆ ಒಂದೇ ಪೆಟ್ಟಿಗೆಗೆ ಹೊಂದಿಸುವುದು ಹೇಗೆಂದು ಕೇಳಿ ನಮಗೆ ಬರುವ ಪತ್ರಗಳು ಹೆಚ್ಚುತ್ತಿವೆ. ಹೊಂದಿಸುವುದು ಕಷ್ಟವಲ್ಲ. ಆದರೆ ಯಾವ ಪ್ಲಗ್ಗು ಯಾವ ಕಿಂಡಿಗೆ ಎಂದು ಕೇಳುವುದಕ್ಕೆ ಮೊದಲು ಕೇಳಬೇಕಾದ ಬೇರೊಂದು ಪ್ರಶ್ನೆಯಿದೆ: ಈ ಟೆಲಿಫೋನಿಗೆ ಇನ್ನು ಮುಂದೆ ವಿದ್ಯುತ್ತನ್ನು ಕೊಡುವವರಾರು?

ಟೆಲಿಫೋನಿನ ಮೊದಮೊದಲ ದಿನಗಳಲ್ಲಿ ಪ್ರತಿ ಮನೆಯ ಯಂತ್ರದೊಳಗೂ ಅದರದೇ ಬ್ಯಾಟರಿಯಿರುತ್ತಿತ್ತು. ಗಂಟೆ ಬಾರಿಸಲು ಕೈಹಿಡಿಕೆಯನ್ನು ತಿರುಗಿಸಬೇಕಾಗಿತ್ತು. ಹತ್ತೊಂಬತ್ತನೆಯ ಶತಮಾನದ ಕೊನೆಯ ಹತ್ತು ವರ್ಷಗಳಲ್ಲಿ ಆ ಭಾರವನ್ನು ಎಕ್ಸ್‌ಚೇಂಜಿನವರು ತಮ್ಮ ಮೇಲೆ ಹೊತ್ತುಕೊಂಡರು. ಎರಡೆರಡು ವೋಲ್ಟಿನ ೨೪ ಸೀಸದ ಕೋಶಗಳನ್ನು ಸಾಲಾಗಿ ಜೋಡಿಸಿ ೪೮ ವೋಲ್ಟನ್ನು ಪಡೆದು, ಅದನ್ನು ಮಾತು ಹೋಗುವ ತಂತಿಯಲ್ಲಿಯೇ ಪ್ರತಿ ಮನೆಗೂ ಕಳುಹಿಸಿದರು. ಗಂಟೆ ಬಾರಿಸುವಾಗ ಮಾತ್ರ ಸುಮಾರು ೭೫ರಿಂದ ೯೦ ವೋಲ್ಟಿನ, ಸೆಕೆಂಡಿಗೆ ಇಪ್ಪತ್ತು ಇಪ್ಪತ್ತೈದು ಸಲ ದಿಕ್ಕು ಬದಲಿಸುವ ವಿದ್ಯುತ್ತು ಬರುತ್ತಿತ್ತು. ಊರೆಲ್ಲ ಕತ್ತಲೆಯಲ್ಲಿ ಮುಳುಗಿದ್ದಾಗಲೂ ಟೆಲಿಫೋನು ಮಾತನಾಡುತ್ತಿದ್ದುದಕ್ಕೆ ಕಾರಣವಿದೇ. ಮಲೆನಾಡಿನ ಮಳೆಗಾಲದಲ್ಲಿ ಮೂರು ದಿನ ದೀಪವಿಲ್ಲದಿದ್ದರೂ ವೈದ್ಯರನ್ನು ಕರೆಯಬಹುದಾಗಿದ್ದ ಮನೆಗಳಿದ್ದುವು. ಆ ಸೌಕರ್ಯವು ನಮಗೆ ಎಷ್ಟು ಅಭ್ಯಾಸವಾಗಿಹೋಯಿತೆಂದರೆ, ಟೆಲಿಫೋನಿಗೆ ವಿದ್ಯುತ್ತು ಬೇಕೆಂಬುದನ್ನೇ ನಾವು ಮರೆತೆವು.

ಗಾಜಿನ ಎಳೆಯಲ್ಲಿ ಹರಿಯುವುದು ಬೆಳಕು ಮಾತ್ರ. ಬೆಳಕು ಗಂಟೆಯನ್ನು ಬಾರಿಸಲಾರದು. ಆದುದರಿಂದ ಎಕ್ಸ್‌ಚೇಂಜು ಮಾಡುತ್ತಿದ್ದ ಈ ಕೆಲಸವನ್ನೆಲ್ಲ ಈಗ ಮನೆಯೊಳಗಿನ ಪೆಟ್ಟಿಗೆಯೇ ಮಾಡಬೇಕಾಗಿದೆ. ಪೆಟ್ಟಿಗೆಯಾದರೋ ಗೋಡೆಯ ಸ್ವಿಚ್ಚನ್ನು ನಂಬಿಕೊಂಡಿದೆ. ನೂರು ವರ್ಷಗಳ ಮೇಲೆ ಬ್ಯಾಟರಿಯ ಭಾರವು ಮತ್ತೆ ಮನೆಯ ಯಜಮಾನನ ಹೆಗಲಿಗೆ ಬಂದಿದೆ. ಇದನ್ನು ಅವನಿಗೆ ಯಾರೂ ಬಾಯಿಬಿಟ್ಟು ಹೇಳುವುದಿಲ್ಲವೆಂಬುದೇ ನಮ್ಮ ಅಸಮಾಧಾನ.

ಇನ್ನು ಕಿಂಡಿಗಳ ವಿಚಾರ. ಪೆಟ್ಟಿಗೆಯ ಹಿಂಭಾಗದಲ್ಲಿ ಎರಡು ಗಾತ್ರದ ಕಿಂಡಿಗಳು ಕಾಣುತ್ತವೆ. ಅಗಲವಾದವು ಎಂಟು ತಂತಿಯವು, ಆರ್.ಜೆ. ೪೫ ಎಂದು ಇವುಗಳ ಹೆಸರು, ಗಣಕಯಂತ್ರಗಳಿಗೂ ಐ.ಪಿ. ಟೆಲಿಫೋನುಗಳಿಗೂ ಇವು ಸಲ್ಲುತ್ತವೆ. ಕಿರಿದಾದವು ಆರ್.ಜೆ. ೧೧, ಹಳೆಯ ಟೆಲಿಫೋನು ಇದಕ್ಕೆ. ಇದರ ಮೇಲೆ 'ಟೆಲ್' ಅಥವಾ 'ಫೋನ್' ಎಂದು ಬರೆದಿರುತ್ತದೆ. ವ್ಯಾಪಾರಕ್ಕಾಗಿ ಮಾಡಿದ ರೂಟರುಗಳಲ್ಲಿ ಇಂತಹವು ಎರಡೋ ನಾಲ್ಕೋ ಇದ್ದು, ಒಂದೊಂದಕ್ಕೆ ಒಂದೊಂದು ಸಂಖ್ಯೆಯನ್ನು ಗೊತ್ತುಮಾಡಬಹುದು. ಕಿರಿಯ ಪ್ಲಗ್ಗು ಅಗಲವಾದ ಕಿಂಡಿಯಲ್ಲಿಯೂ ಸೇರಿಕೊಳ್ಳುವುದರಿಂದ ಮೋಸಹೋಗುವುದು ಸುಲಭ. ಅಲ್ಲಿ ಅದು ಸೇರುವುದೇನೋ ನಿಜ. ಆದರೆ ಟೆಲಿಫೋನು ಮಾತನಾಡುವುದಿಲ್ಲ, ಮತ್ತು ಕಿಂಡಿಯ ಎರಡು ತುದಿಗಳ ಸಣ್ಣ ತಂತಿಗಳು ಬಾಗಿ ಕೆಡುವ ಸಂಭವವುಂಟು.

ಇದಕ್ಕಿಂತ ಹೆಚ್ಚಿನ ಅಪಾಯ ಮತ್ತೊಂದಿದೆ. ಕೆಲವು ಪೆಟ್ಟಿಗೆಗಳಲ್ಲಿ 'ಫೋನ್' ಎಂಬುದರ ಪಕ್ಕದಲ್ಲಿಯೇ 'ಲೈನ್' ಎಂಬ, ನೋಡಲು ಅದರಂತೆಯೇ ಇರುವ ಕಿಂಡಿಯಿರುತ್ತದೆ. 'ಫೋನ್' ಕಿಂಡಿಯು ವಿದ್ಯುತ್ತನ್ನು ಕೊಡುವಂತಹುದು. ಕುಶಲರು ಇದನ್ನು ಎಫ್.ಎಕ್ಸ್.ಎಸ್. ಎನ್ನುತ್ತಾರೆ. 'ಲೈನ್' ಕಿಂಡಿಯು ಎಕ್ಸ್‌ಚೇಂಜಿನಿಂದ ವಿದ್ಯುತ್ತನ್ನು ತೆಗೆದುಕೊಳ್ಳುವಂತಹುದು, ಅದು ಎಫ್.ಎಕ್ಸ್.ಓ. ಕೊಡುವುದನ್ನೂ ಕೊಡುವುದನ್ನೂ ಎದುರುಬದುರಾಗಿ ಜೋಡಿಸಲಾಗದು. ಹಾಗೆ ಜೋಡಿಸಿದಲ್ಲಿ, ಅಂದರೆ ಜೀವವಿರುವ ಹಳೆಯ ತಾಮ್ರದ ತಂತಿಯನ್ನು 'ಫೋನ್' ಕಿಂಡಿಗೆ ಸಿಕ್ಕಿಸಿದಲ್ಲಿ, ಎಕ್ಸ್‌ಚೇಂಜಿನಿಂದ ಗಂಟೆಯ ವಿದ್ಯುತ್ತು ಬಂದ ಕ್ಷಣವೇ ಪೆಟ್ಟಿಗೆಯ ಆ ಭಾಗ ಸುಟ್ಟುಹೋಗಬಹುದು.

ಈ ತಪ್ಪು ಹೆಚ್ಚಾಗಿ ನಡೆಯುವುದು ಗೋಡೆಯೊಳಗಿನ ಹಳೆಯ ತಂತಿಯನ್ನು ಉಪಯೋಗಿಸಹೋದಾಗ. ಮನೆ ಕಟ್ಟುವಾಗಲೇ ಮಾಳಿಗೆಗೂ ಮಲಗುವ ಕೋಣೆಗೂ ಟೆಲಿಫೋನಿನ ತಂತಿಯನ್ನು ಎಳೆಸಿದ್ದವರು ಅದನ್ನು ವ್ಯರ್ಥಮಾಡಲು ಒಪ್ಪುವುದಿಲ್ಲ; ಒಪ್ಪಬೇಕಾದುದೂ ಇಲ್ಲ. ರೂಟರಿನ 'ಟೆಲ್' ಕಿಂಡಿಯಿಂದ ಒಂದು ತಂತಿಯನ್ನು ತಂದು ಸಮೀಪದ ರೊಸೆಟ್ ಪೆಟ್ಟಿಗೆಗೆ ಕೂಡಿಸಿದರೆ, ಗೋಡೆಯೊಳಗಿನ ತಂತಿಯಲ್ಲೆಲ್ಲ ಹೊಸ ದೂರವಾಣಿಯೇ ಹರಿದಾಡುತ್ತದೆ. ಆದರೆ ಅದಕ್ಕೆ ಮುಂಚೆ ಬೀದಿಯ ಕಂಬದಿಂದ ಬರುವ ಜೋಡಿಯನ್ನು ಮನೆಯ ಹೊರಗೋಡೆಯಲ್ಲಿಯೇ ಬಿಡಿಸಿ, ತುದಿಗಳನ್ನು ಒಂದಕ್ಕೊಂದು ತಾಗದಂತೆ ಸುತ್ತಿಡತಕ್ಕುದು. "ಲೈನು ಸತ್ತುಹೋಗಿದೆ, ಇದ್ದರೇನು?" ಎನ್ನಬಾರದು. ಸತ್ತ ಲೈನಿಗೆ ನಾಳೆ ಯಾವನಾದರೂ ಲೈನ್‌ಮನ್ ಜೀವ ಕೊಡಬಹುದು. ಅವನು ಕೊಡದಿದ್ದರೆ ಮುಂಗಾರಿನ ಸಿಡಿಲು ಕೊಡಬಹುದು.

ಹಳೆಯ ಟೆಲಿಫೋನುಗಳಲ್ಲಿ ಗುಂಡಿಯವು, ಚಕ್ರದವು ಎಂದು ಎರಡು ಬಗೆ. ಗುಂಡಿಯೊತ್ತುವ ಟೆಲಿಫೋನು ಅಮೆರಿಕದಲ್ಲಿ ೧೯೬೩ರ ನವೆಂಬರಿನಲ್ಲಿ ಜನರ ಕೈಗೆ ಬಂತು. ಅದರ ಒಂದೊಂದು ಗುಂಡಿಯೂ ಎರಡೆರಡು ಸ್ವರಗಳನ್ನು ಒಟ್ಟಿಗೆ ನುಡಿಯುತ್ತದೆ. ಐದನೆಯ ಅಂಕಿಯನ್ನು ಒತ್ತಿದರೆ ಸೆಕೆಂಡಿಗೆ ೭೭೦ ಮತ್ತು ೧೩೩೬ ಕಂಪನಗಳ ಸ್ವರಗಳು ಹೊರಡುತ್ತವೆ. ಈ ಸ್ವರಗಳನ್ನು ಎಲ್ಲ ರೂಟರುಗಳೂ ಅರಿಯಬಲ್ಲುವು. ಚಕ್ರದ ಟೆಲಿಫೋನು ನುಡಿಯುವುದಿಲ್ಲ, ಮಿಡಿಯುತ್ತದೆ: ಮೂರಕ್ಕೆ ಮೂರು ಮಿಡಿತ, ಸೊನ್ನೆಗೆ ಹತ್ತು. ಈ ಮಿಡಿತದ ಭಾಷೆಯನ್ನು ಬಲ್ಲ ರೂಟರುಗಳು ಇಂದು ವಿರಳ. ತಾತನ ಕಪ್ಪು ಟೆಲಿಫೋನನ್ನು ಕಿಂಡಿಗೆ ಸಿಕ್ಕಿಸಿದರೆ ಗಂಟೆ ಬಾರಿಸುತ್ತದೆ, ಮಾತು ಕೇಳುತ್ತದೆ, ಚಕ್ರ ತಿರುಗಿಸಿದರೆ ಮಾತ್ರ ಕರೆ ಹೋಗುವುದಿಲ್ಲ. ಮಿಡಿತವನ್ನು ಸ್ವರಕ್ಕೆ ಪರಿವರ್ತಿಸುವ ಚಿಕ್ಕ ಡಬ್ಬಿಗಳು ದೊರೆಯುತ್ತವೆ. ನಡುವೆ ಅದನ್ನಿಟ್ಟರೆ ಸರಿಯಾಗುತ್ತದೆ. ಬರುವ ಕರೆಯನ್ನು ಕೇಳುವುದಕ್ಕೆ ಮಾತ್ರ ಬೇಕೆಂಬವರಿಗೆ ಅದೂ ಬೇಡ. ಆ ಯಂತ್ರಗಳ ಹಿತ್ತಾಳೆಯ ಗಂಟೆಯ ನಾದವನ್ನು ಈಗಿನ ಯಾವ ಯಂತ್ರವೂ ಕೊಡಲಾರದೆಂದು ನಾವೂ ಬಲ್ಲೆವು.

ಒಂದೇ ಕಿಂಡಿಗೆ ನಾಲ್ಕೈದು ಹಳೆಯ ಟೆಲಿಫೋನುಗಳನ್ನು ಕಟ್ಟುವ ಆಸೆಯನ್ನು ಬಿಡುವುದು ಲೇಸು. ಎಕ್ಸ್‌ಚೇಂಜಿಗಿದ್ದ ಶಕ್ತಿ ಈ ಪುಟ್ಟ ಪೆಟ್ಟಿಗೆಗಿಲ್ಲ. ಎರಡರ ಮೇಲೆ ಮೂರನೆಯದನ್ನು ಸೇರಿಸುತ್ತ ಹೋದಂತೆ ಗಂಟೆ ಕುಗ್ಗುತ್ತ ಬಂದು, ಕೊನೆಗೆ ಯಾವುದೂ ಬಾರಿಸದಂತಾಗುತ್ತದೆ.

ಇಂಟರ್‌ಕಾಂ ಯಂತ್ರವನ್ನು, ಎಂದರೆ ಇ.ಪಿ.ಎ.ಬಿ.ಎಕ್ಸ್. ಅನ್ನು ಇಟ್ಟುಕೊಂಡಿರುವ ವರ್ತಕರು ಅದನ್ನು ತೆಗೆದೆಸೆಯಬೇಕಾಗಿಲ್ಲ. ಹಿಂದೆ ಅದರ ಹೊರಲೈನಿನ ಕಿಂಡಿಗೆ ತಾಮ್ರದ ತಂತಿ ಬರುತ್ತಿತ್ತು. ಈಗ ಅಲ್ಲಿಗೆ ರೂಟರಿನ 'ಟೆಲ್' ಕಿಂಡಿಯಿಂದ ತಂತಿ ಬಂದರಾಯಿತು. ಒಳಗಿನ ಎಂಟು ಟೆಲಿಫೋನುಗಳಿಗೂ ಏನಾಯಿತೆಂಬುದು ತಿಳಿಯುವುದೇ ಇಲ್ಲ. ಒಂದು ಉಪದ್ರವ ಮಾತ್ರ ಕಾಣಿಸಿಕೊಳ್ಳುವುದುಂಟು. ಹೊರಗಿನವರು ಮಾತು ಮುಗಿಸಿ ಇಟ್ಟರೂ ಯಂತ್ರಕ್ಕೆ ಅದು ತಿಳಿಯದೆ ಲೈನನ್ನು ಹಿಡಿದೇ ಇರುತ್ತದೆ. ಆಮೇಲೆ ಕರೆದವರಿಗೆಲ್ಲ ಲೈನು ಖಾಲಿಯಿಲ್ಲವೆಂಬ ಸದ್ದು. ಗಿರಾಕಿಯು ಎರಡು ಸಲ ಕರೆದು ಮೂರನೆಯ ಸಲ ಪಕ್ಕದ ಅಂಗಡಿಗೆ ಕರೆಯುತ್ತಾನೆ. ಮಾತು ಮುಗಿದುದನ್ನು ತಿಳಿಸುವ ಸದ್ದು ಅಥವಾ ಧ್ರುವ ಬದಲಾವಣೆ ರೂಟರಿನಲ್ಲಿಯೂ ಇಂಟರ್‌ಕಾಂ ಯಂತ್ರದಲ್ಲಿಯೂ ಒಂದೇ ಆಗಿರುವಂತೆ ಗೊತ್ತುಮಾಡಿಸಿದರೆ ಇದು ನಿಲ್ಲುತ್ತದೆ. ರೂಟರಿನಲ್ಲಿ ದೇಶದ ಹೆಸರು ಭಾರತವೆಂದಿದೆಯೇ ಎಂಬುದನ್ನೂ ಆಗಲೇ ನೋಡಿಸತಕ್ಕುದು. ಕರೆಯುವವರ ಸಂಖ್ಯೆ ಕಾಣಿಸದಿರುವುದಕ್ಕೂ ಎಷ್ಟೋ ಸಲ ಇದೇ ಕಾರಣ.

ಕಾರ್ಡ್‌ಲೆಸ್ಸಿನ ವಿಚಾರದಲ್ಲಿ ಹೇಳಬೇಕಾದುದು ಸ್ವಲ್ಪ. ಅದರ ಪೀಠವನ್ನು ಹಳೆಯ ಟೆಲಿಫೋನಿನಂತೆಯೇ 'ಟೆಲ್' ಕಿಂಡಿಗೆ ಸೇರಿಸಬಹುದು. ಕೆಲವು ರೂಟರುಗಳಲ್ಲಿ, ಮುಖ್ಯವಾಗಿ ಜರ್ಮನಿಯ ಫ್ರಿಟ್ಸ್‌ಬಾಕ್ಸ್ ಜಾತಿಯವುಗಳಲ್ಲಿ, ಡೆಕ್ಟ್ ಎಂಬ ಪೀಠವು ಒಳಗೇ ಅಡಗಿರುವುದರಿಂದ ಕೈಯಲ್ಲಿ ಹಿಡಿಯುವ ಯಂತ್ರವೊಂದೇ ಸಾಕು. ಎರಡರ ಗುಂಡಿಗಳನ್ನೂ ಒತ್ತಿಹಿಡಿದು ಪರಿಚಯ ಮಾಡಿಸಿದರೆ ಒಂದನ್ನೊಂದು ಗುರುತಿಟ್ಟುಕೊಳ್ಳುತ್ತವೆ.

ಐ.ಪಿ. ಟೆಲಿಫೋನಿನ ರೀತಿಯೇ ಬೇರೆ. ಹೊರಗೆ ಟೆಲಿಫೋನಿನಂತೆ ಕಂಡರೂ ಒಳಗೆ ಅದೊಂದು ಗಣಕಯಂತ್ರ. ಅಗಲವಾದ ಕಿಂಡಿಗೆ ತಂತಿಯನ್ನು ಸೇರಿಸಿ, ಕಂಪೆನಿಯವರು ಕೊಟ್ಟ ಸರ್ವರಿನ ಹೆಸರು, ಬಳಕೆದಾರನ ಹೆಸರು, ಗುಪ್ತಪದ ಈ ಮೂರನ್ನು ತುಂಬಿದರೆ, ಎಸ್.ಐ.ಪಿ. ಎಂಬ ನಿಯಮದ ಮೇರೆಗೆ ಅದು ತನ್ನ ಹೆಸರನ್ನು ದಾಖಲುಮಾಡಿಕೊಳ್ಳುತ್ತದೆ. ಮಾತನ್ನು ಅದು ಸೆಕೆಂಡಿಗೆ ೮,೦೦೦ ಸಲ ಅಳೆದು ಅಂಕಿಗಳಾಗಿ ಮಾಡಿ, ಸಾಮಾನ್ಯವಾಗಿ ಸೆಕೆಂಡಿಗೆ ಐವತ್ತು ಪೊಟ್ಟಣಗಳಂತೆ ಕಟ್ಟಿ ಕಳುಹಿಸುತ್ತದೆ. ಹತ್ತು ಜನರು ಒಮ್ಮೆಲೇ ಮಾತನಾಡಿದರೂ ಇಂದಿನ ಫೈಬರಿಗೆ ಅದೊಂದು ಹೊರೆಯಲ್ಲ. ಮಾತಿಗೆ ಬೇಕಾದುದು ಅಗಲವಾದ ದಾರಿಯಲ್ಲ, ಹೊತ್ತಿಗೆ ಸರಿಯಾಗಿ ಬಿಡುವಾಗುವ ದಾರಿ. ಅಂಗಡಿಯ ಕಾವಲು ಕ್ಯಾಮೆರಾ ತನ್ನ ಚಿತ್ರಗಳನ್ನು ಹೊರಗೆ ಕಳುಹಿಸುತ್ತಿರುವಾಗ ಮಾತಿನ ಪೊಟ್ಟಣಗಳು ಹಿಂದೆ ನಿಂತರೆ ಶಬ್ದವು ತುಂಡುತುಂಡಾಗುತ್ತದೆ. ವ್ಯಾಪಾರದ ರೂಟರಿನಲ್ಲಿ ಮಾತಿಗೆ ಮೊದಲ ಸ್ಥಾನ ಕೊಡುವ ಏರ್ಪಾಡಿರುತ್ತದೆ. ಜಾತ್ರೆಯ ಬೀದಿಯಲ್ಲಿ ಅಂಚೆಯವನಿಗೆ ದಾರಿಬಿಟ್ಟಂತೆ. ಹೆಚ್ಚು ಹಣ ಕೊಟ್ಟು ಅಂತಹ ರೂಟರನ್ನು ಕೊಂಡು ಈ ಏರ್ಪಾಡನ್ನು ತೆರೆಯದೆ ಬಿಡುವವರನ್ನು ನಾವು ಕಂಡಿದ್ದೇವೆ.

ಹೊಸ ಟೆಲಿಫೋನಿನಲ್ಲಿ ಅವರ ಮಾತು ನಮಗೆ ಕೇಳುತ್ತದೆ, ನಮ್ಮದು ಅವರಿಗೆ ಕೇಳುವುದಿಲ್ಲ. ಅಥವಾ ಇದು ತಿರುವುಮುರುವು. ಯಂತ್ರ ಕೆಟ್ಟಿದೆಯೆಂದು ಜನರು ಅದನ್ನು ಅಂಗಡಿಗೆ ಹಿಂದಿರುಗಿಸುತ್ತಾರೆ. ಯಂತ್ರದ ದೋಷವಲ್ಲ ಅದು, ವಿಳಾಸದ ದೋಷ. ಪತ್ರದ ಕೊನೆಯಲ್ಲಿ ಉತ್ತರಕ್ಕಾಗಿ "ನಡುಮನೆಯ ಬಲಗಡೆಯ ಕೋಣೆ" ಎಂದಷ್ಟೇ ಬರೆದರೆ ಅಂಚೆಯವನು ಏನು ಮಾಡಿಯಾನು? ಮನೆಯೊಳಗಿನ ಯಂತ್ರಗಳಿಗೆ ರೂಟರು ಕೊಡುವ ವಿಳಾಸವು ಅಂತಹುದೇ. ಹೊರಗಿನ ಲೋಕಕ್ಕೆ ಅದು ತಿಳಿಯದು. ಆ ಒಳವಿಳಾಸವನ್ನು ತಿದ್ದುತ್ತೇವೆಂದು ಕೆಲವು ರೂಟರುಗಳು ಎಸ್.ಐ.ಪಿ. ಎ.ಎಲ್.ಜಿ. ಎಂಬ ಸಹಾಯಕನನ್ನು ಇಟ್ಟುಕೊಂಡಿರುತ್ತವೆ. ಈ ಸಹಾಯಕನು ಅರ್ಧ ತಿದ್ದಿ ಅರ್ಧ ಕೆಡಿಸುವುದೇ ಹೆಚ್ಚು. ಅವನನ್ನು ನಿಲ್ಲಿಸಿ ನೋಡಿರೆಂದೇ ಅನುಭವಸ್ಥರು ಮೊದಲು ಹೇಳುವುದು.

ಕೈಯಲ್ಲಿರುವ ಮೊಬೈಲನ್ನೇ ವೈಫೈ ಮೂಲಕ ರೂಟರಿಗೆ ಸೇರಿಸಿ, ಅಂಗಡಿಯ ಸಂಖ್ಯೆಯ ಕರೆಗಳನ್ನು ಅದರಲ್ಲಿ ಪಡೆಯುವುದೂ ಸಾಧ್ಯ. ಬ್ಯಾಟರಿ ಉಳಿಸುವ ನೆಪದಲ್ಲಿ ಮೊಬೈಲು ಆ ಆಪನ್ನು ಮಲಗಿಸಿಬಿಡದಂತೆ ಏರ್ಪಡಿಸದಿದ್ದರೆ, ಬಂದ ಕರೆಯು ಬಾರಿಸದೆಯೇ ಹೋಗುತ್ತದೆ.

ಹಣದ ಅಪಾಯವೊಂದನ್ನು ಹೇಳದೆ ಮುಂದುವರಿಯಲಾಗದು. ಹಳೆಯ ಲೈನನ್ನು ಕದಿಯಬೇಕಾದರೆ ಕಳ್ಳನು ಕಂಬ ಹತ್ತಬೇಕಾಗಿತ್ತು. ಹೊಸ ದೂರವಾಣಿಯ ಗುಪ್ತಪದವು ೧೨೩೪ ಎಂದಿದ್ದರೆ, ಪರದೇಶದಲ್ಲಿ ಕುಳಿತವನು ರಾತ್ರಿಯೆಲ್ಲ ನಮ್ಮ ಲೆಕ್ಕದಲ್ಲಿ ದುಬಾರಿ ಸಂಖ್ಯೆಗಳಿಗೆ ಕರೆಗಳನ್ನು ಮಾಡಬಲ್ಲನು. ಪೆಟ್ಟಿಗೆಯೊಡನೆ ಬಂದ ಗುಪ್ತಪದವನ್ನು ಆ ದಿನವೇ ಬದಲಾಯಿಸತಕ್ಕುದು. ಹೊರದೇಶದ ಕರೆಗಳು ಬೇಡದವರು ಕಂಪೆನಿಗೆ ಬರೆದುಕೊಟ್ಟು ಅವನ್ನು ನಿಲ್ಲಿಸಿಬಿಡತಕ್ಕುದು. ಗಿರಾಕಿಗಳಿಗೆ ಕೊಡುವ ವೈಫೈಯನ್ನೂ ಟೆಲಿಫೋನುಗಳ ಜಾಲವನ್ನೂ ಒಂದೇ ಮಾಡಕೂಡದು.

ಈಗ ಮೊದಲಿನ ಪ್ರಶ್ನೆಗೆ ಬರೋಣ. ಬ್ರಿಟನ್ನಿನಲ್ಲಿ ಒಂಟಿಯಾಗಿರುವ ವೃದ್ಧರು ಕೊರಳಿಗೆ ಒಂದು ಗುಂಡಿಯನ್ನು ಧರಿಸಿರುವುದುಂಟು. ಬಿದ್ದಾಗ ಅದನ್ನು ಒತ್ತಿದರೆ ಮನೆಯ ಟೆಲಿಫೋನಿನ ಲೈನಿನ ಮೂಲಕ ಸಹಾಯಕೇಂದ್ರಕ್ಕೆ ಕರೆ ಹೋಗುತ್ತದೆ. ಹಳೆಯ ಲೈನುಗಳನ್ನು ಹೊಸದಕ್ಕೆ ಬದಲಾಯಿಸಿದಾಗ ಕೆಲವರ ಗುಂಡಿಗಳು ಕೆಲಸಮಾಡದೆ ಅನಾಹುತಗಳಾದುವು. ೨೦೨೩ರ ಡಿಸೆಂಬರಿನಲ್ಲಿ ಅಲ್ಲಿಯ ಸರ್ಕಾರವು ದೂರವಾಣಿ ಕಂಪೆನಿಗಳಿಂದ, ಇಂತಹವರನ್ನು ಬಲವಂತವಾಗಿ ಬದಲಾಯಿಸುವುದಿಲ್ಲವೆಂಬ ಮಾತನ್ನು ಪಡೆಯಿತು. ೨೦೨೫ರ ಕೊನೆಗೆ ಮುಗಿಯಬೇಕೆಂದಿದ್ದ ಬದಲಾವಣೆಯನ್ನು ೨೦೨೪ರಲ್ಲಿ ೨೦೨೭ರ ಜನವರಿಯವರೆಗೆ ಮುಂದೂಡಲಾಯಿತು. ಮನೆಯ ಟೆಲಿಫೋನನ್ನೇ ನಂಬಿದವರಿಗೆ, ವಿದ್ಯುತ್ತು ಹೋದಾಗ ಕನಿಷ್ಠ ಒಂದು ಗಂಟೆಯಾದರೂ ತುರ್ತು ಕರೆ ಮಾಡುವ ಸಾಧನವನ್ನು ಕಂಪೆನಿಯೇ ಒದಗಿಸಬೇಕೆಂದು ಅಲ್ಲಿಯ ನಿಯಂತ್ರಣ ಸಂಸ್ಥೆಯಾದ ಆಫ್‌ಕಾಮ್ ಹೇಳಿದೆ. ಒಂದೇ ಗಂಟೆ! ನಮ್ಮ ಹಳ್ಳಿಗಳ ಮಟ್ಟಿಗೆ ಅದು ಯಾವ ಮೂಲೆಗೂ ಸಾಲದು.

ನಮ್ಮಲ್ಲಿ ೧೧೨ಕ್ಕೆ ಕರೆಯಲು ಮೊಬೈಲು ಇದೆಯಲ್ಲ ಎನ್ನಬಹುದು. ಇದೆ. ಆದರೆ ಗೋಡೆಯ ದಪ್ಪಕ್ಕೋ ಗುಡ್ಡದ ಮರೆಗೋ ಮೊಬೈಲಿನ ಸಂಕೇತ ಸಿಕ್ಕದ ಮನೆಗಳಿವೆ. ಮೊಬೈಲನ್ನು ಹಿಡಿಯಲಾರದ, ದೊಡ್ಡ ಅಂಕಿಗಳ ಟೆಲಿಫೋನನ್ನಷ್ಟೇ ಬಲ್ಲ ಅಜ್ಜ ಅಜ್ಜಿಯರಿದ್ದಾರೆ. ಸಂಕಟದಲ್ಲಿ ರೋಗಿಯು ಕರೆಯುವುದು ತನಗೆ ಬಾಯಿಪಾಠವಾಗಿರುವ ಡಾಕ್ಟರ ಮನೆಯ ಹಳೆಯ ಸಂಖ್ಯೆಯನ್ನು. ಲಿಫ್ಟಿನೊಳಗಿನ ಟೆಲಿಫೋನಾಗಲಿ ಕಳ್ಳರ ಎಚ್ಚರಿಕೆಯ ಗಂಟೆಯಾಗಲಿ ಈ ಲೈನನ್ನೇ ನಂಬಿದ್ದರೆ, ರೂಟರನ್ನು ಕೂಡಿಸಿದ ದಿನವೇ ಅವನ್ನು ಒಂದೊಂದಾಗಿ ಒತ್ತಿ ನೋಡಲೇಬೇಕು.

ಪರಿಹಾರವು ದುಬಾರಿಯಲ್ಲ. ಸಾಧಾರಣ ರೂಟರು ೧೨ ವೋಲ್ಟಿನಲ್ಲಿ ಒಂದು ಆಂಪಿಯರು, ಎಂದರೆ ಸುಮಾರು ೧೨ ವ್ಯಾಟನ್ನು ತೆಗೆದುಕೊಳ್ಳುತ್ತದೆ. ೩೦ ವ್ಯಾಟ್-ಗಂಟೆಯ ಚಿಕ್ಕ ಯು.ಪಿ.ಎಸ್. ಇದನ್ನು ಎರಡು ಗಂಟೆಯವರೆಗೆ ನಡೆಸುತ್ತದೆ. ಫೈಬರಿನ ಪೆಟ್ಟಿಗೆ ಬೇರೆ, ರೂಟರು ಬೇರೆ ಆಗಿದ್ದರೆ ಎರಡಕ್ಕೂ ಬೇಕು. ಒಂದಕ್ಕೆ ಮಾತ್ರ ಕೊಟ್ಟು ಫಲವಿಲ್ಲ. ಮನೆಗೆ ಇನ್ವರ್ಟರು ಇರುವವರು ರೂಟರಿನ ಪ್ಲಗ್ಗನ್ನು ಅದರ ಲೈನಿಗೆ ಹಾಕಿಸಬಹುದು. ಆಗ ಇನ್ವರ್ಟರಿನ ಹಿಂದಿನ ಚಿಕ್ಕ ಸ್ವಿಚ್ಚನ್ನು 'ಯು.ಪಿ.ಎಸ್.' ಎಂಬ ಕಡೆಗಿರಿಸತಕ್ಕುದು. ಇಲ್ಲವಾದರೆ ವಿದ್ಯುತ್ತು ಬದಲಾಗುವ ಅರೆಕ್ಷಣದಲ್ಲಿಯೇ ರೂಟರು ಕಣ್ಣು ಮುಚ್ಚಿ, ಮತ್ತೆ ಎದ್ದು ಮಾತನಾಡಲು ಎರಡು ಮೂರು ನಿಮಿಷ ಹಿಡಿಯುತ್ತದೆ. ಕಾರ್ಡ್‌ಲೆಸ್ಸಿನ ಪೀಠಕ್ಕೂ ವಿದ್ಯುತ್ತು ಬೇಕೆಂಬುದನ್ನು ಮರೆಯುವವರೇ ಬಹಳ. ಅದು ಕತ್ತಲೆಯಲ್ಲಿ ಮೂಕವಾದಾಗ, 'ಟೆಲ್' ಕಿಂಡಿಯಿಂದಲೇ ವಿದ್ಯುತ್ತು ಪಡೆಯುವ ಸಾದಾ ತಂತಿಯ ಟೆಲಿಫೋನೊಂದು ಮನೆಯಲ್ಲಿದ್ದರೆ ಅದು ನಡೆಯುತ್ತದೆ. ಆದುದರಿಂದ ಹಳೆಯದನ್ನು ಗುಜರಿಯವನಿಗೆ ಕೊಡುವ ಮುನ್ನ ಒಂದನ್ನಾದರೂ ಉಳಿಸಿಕೊಳ್ಳಿರಿ.

ಐ.ಪಿ. ಟೆಲಿಫೋನುಗಳು ಹೆಚ್ಚಾಗಿರುವ ಕಚೇರಿಗಳಿಗೆ ಇನ್ನೊಂದು ಸುಲಭೋಪಾಯವಿದೆ. ಪಿ.ಓ.ಇ. ಎಂಬ ಸ್ವಿಚ್ಚನ್ನು ಕೊಂಡರೆ ಮಾತಿನ ತಂತಿಯಲ್ಲಿಯೇ ಟೆಲಿಫೋನಿಗೆ ವಿದ್ಯುತ್ತೂ ಹೋಗುತ್ತದೆ. ಮೇಜು ಮೇಜಿಗೂ ಅಡಾಪ್ಟರು ಬೇಡ. ಆ ಸ್ವಿಚ್ಚಿಗೂ ರೂಟರಿಗೂ ಒಂದು ಯು.ಪಿ.ಎಸ್. ಇಟ್ಟರೆ ಕಚೇರಿಯ ಟೆಲಿಫೋನುಗಳೆಲ್ಲ ಬದುಕಿರುತ್ತವೆ. ೨೦೦೩ರಲ್ಲಿ ಇದರ ನಿಯಮವನ್ನು ಬರೆದವರು ಆರಿಸಿಕೊಂಡ ವಿದ್ಯುತ್ತಿನ ಒತ್ತಡವು ಹೆಚ್ಚುಕಡಿಮೆ ಹಳೆಯ ಎಕ್ಸ್‌ಚೇಂಜಿನ ಅದೇ ೪೮ ವೋಲ್ಟು.

ಎಲ್ಲವನ್ನೂ ಕೂಡಿಸಿಯಾದಮೇಲೆ ಒಂದು ಸಂಜೆ ಮನೆಯವರೆಲ್ಲ ಇರುವಾಗ ಮೈನ್ ಸ್ವಿಚ್ಚನ್ನು ಆರಿಸಿರಿ. ಒಂದೊಂದು ಟೆಲಿಫೋನನ್ನೂ ಎತ್ತಿ ಕಿವಿಗೆ ಹಿಡಿದು, ಸ್ವರ ಬರುತ್ತಿದೆಯೇ ಎಂದು ಕೇಳಿರಿ. ಹೊರಗಿನಿಂದ ಮೊಬೈಲಿನಲ್ಲಿ ಅಂಗಡಿಯ ಸಂಖ್ಯೆಗೆ ಕರೆದು ಯಾವ ಯಾವ ಗಂಟೆ ಬಾರಿಸಿತೆಂಬುದನ್ನು ಗುರುತುಮಾಡಿಕೊಳ್ಳಿರಿ. ಯು.ಪಿ.ಎಸ್. ಎಷ್ಟು ಹೊತ್ತಿಗೆ ಆರಿತೆಂಬುದನ್ನೂ ಗಡಿಯಾರ ನೋಡಿ ಬರೆದಿಡಿರಿ. ಬೀದಿಗೆಲ್ಲ ವಿದ್ಯುತ್ತು ಹೋದ ದಿನ ಈ ಪರೀಕ್ಷೆಯನ್ನು ಇನ್ನೊಮ್ಮೆ ಮಾಡಬೇಕು. ಏಕೆಂದರೆ ಎಳೆಯ ಆ ತುದಿಯಲ್ಲಿರುವ ಕಂಪೆನಿಯ ಯಂತ್ರಕ್ಕೂ ಬ್ಯಾಟರಿಯಿದೆಯೇ ಇಲ್ಲವೇ ಎಂಬುದು ಅಂದೇ ತಿಳಿಯುವುದು. ನಮ್ಮ ಪೆಟ್ಟಿಗೆಯ ದೀಪಗಳು ಉರಿಯುತ್ತಿದ್ದೂ ಎಳೆಯ ದೀಪವು ಕೆಂಪಾಗಿ ಸ್ವರ ಬಾರದಿದ್ದರೆ ದೋಷ ಅವರದು. ಆ ಹೊತ್ತನ್ನೂ ದಿನಾಂಕವನ್ನೂ ನಮೂದಿಸಿ ಅವರಿಗೆ ಬರೆಯಿರಿ.